ಹಲಗೆಯ ಮುಂದೆ ನಿಂತ ಮಾದೇವಿ

ನನ್ನ ಅಂಗಿಯ ಜೇಬಿನಲ್ಲಿ ಸದಾ ಒಂದೆರಡು ಸೀಮೆಸುಣ್ಣದ ತುಂಡುಗಳಿರುತ್ತವೆ. ಜೇಬು ನೋಡದೆ ಅಂಗಿಯನ್ನು ನೀರಿಗೆ ಹಾಕಿದ ದಿನ ನನ್ನ ಹೆಂಡತಿ ಎತ್ತುವ ಮಂಗಳಾರತಿಯನ್ನು ನೀವೊಮ್ಮೆ ನೋಡಬೇಕು. ಮೇಷ್ಟರ ಅಕ್ಷರ ಮುತ್ತಿನಂತಿದೆ ಎಂದು ಯಾರೋ ಎಂದೋ ಹೊಗಳಿದ್ದು ತಲೆಗೇರಿ, ಖಾಲಿ ಹಲಗೆ ಕಂಡರೆ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಈ ಅಕ್ಷರದ ಜಂಭ ಒಂದು ಸಂಜೆ ನನ್ನ ಜೀವವನ್ನೇ ಬಾಯಿಗೆ ತಂದಿತು. ಅದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಮ್ಮದು ಜವಳಗಿರಿ ಕಾಡಿನ ಅಂಚಿನಲ್ಲಿರುವ ಹೈಸ್ಕೂಲು. ಹೊಸೂರಿನಿಂದ ಬಸ್ಸಿನಲ್ಲಿ ಹೋಗಿಬಂದು ಎಂಟನೆಯ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ಅಜ್ಜಿಯ ಊರಿನಲ್ಲಿ ತೆಲುಗು ಎಂದು ಮೂರು ಭಾಷೆಗಳನ್ನು ಅರಳು ಹುರಿದಂತೆ ಆಡುವ ನಮ್ಮ ಮಕ್ಕಳ ನಾಲಿಗೆ ಪುಸ್ತಕ ತೆರೆದೊಡನೆ ಎಲ್ಲಿ ಅಡಗುತ್ತದೋ ಕಾಣೆ. ಅವರಿಗೆ ಓದಿನ ರುಚಿ ಹತ್ತಿಸಲೆಂದು ನಾನೊಂದು ಉಪಾಯ ಹೂಡಿದೆ. ಗೇಟಿನ ಪಕ್ಕ ಒಂದು ಕಪ್ಪು ಹಲಗೆ ನಿಲ್ಲಿಸಿ, ಇನ್ನು ಮೇಲೆ ಯಾವ ಸುದ್ದಿಯನ್ನೂ ಬಾಯಿಂದ ಹೇಳುವುದಿಲ್ಲ, ಬೇಕಾದವರು ಓದಿಕೊಳ್ಳಿ ಎಂದು ಸಾರಿಬಿಟ್ಟೆ. ರಜೆ, ಪರೀಕ್ಷೆ, ಕೊನೆಗೆ ಆನೆಯ ಸುದ್ದಿಯೂ ಅಲ್ಲೇ. ಮಕ್ಕಳು ಊರಿಗೆ ನಡೆಯುವ ದಾರಿಗಳು ಎರಡು, ಕೆರೆ ಏರಿಯದು ಒಂದು, ಟಾರು ರಸ್ತೆ ಇನ್ನೊಂದು; ಆನೆ ಯಾವ ಕಡೆ ಇದೆಯೆಂದು ಕಾಡು ಕಾಯುವವನು ಫೋನಿನಲ್ಲಿ ತಿಳಿಸುತ್ತಿದ್ದ, ಯಾವ ಕಡೆ ಹೋಗಬೇಕೆಂದು ನಾನು ದುಂಡಗೆ ಬರೆಯುತ್ತಿದ್ದೆ. ಮೊದಲು ಗೇಟು ಮುಟ್ಟಿದವರು ಗಟ್ಟಿಯಾಗಿ ಓದಿದರೆ ಹಿಂದಿನವರು ಅದನ್ನೇ ಕೂಗಿಕೊಂಡು ಓಡುತ್ತಿದ್ದರು. ಅದನ್ನೆಲ್ಲ ನೋಡುತ್ತ ನಾನು ವರಾಂಡದಲ್ಲಿ ನಿಂತು ಬೀಗುತ್ತಿದ್ದೆ.

ತರಗತಿಯಲ್ಲೂ ನಮ್ಮ ರೂಢಿ ಹೀಗೆಯೇ. ಒಬ್ಬರು ಮುಂದೆ ನಿಂತು ಪಾಠದ ಒಂದು ಸಾಲು ಓದುವುದು, ಉಳಿದವರೆಲ್ಲ ಅದನ್ನು ರಾಗವಾಗಿ ಹಿಂದೆ ಹೇಳುವುದು. ಹಾಗೆ ಮುಂದೆ ನಿಲ್ಲುತ್ತಿದ್ದವಳು ಮಾದೇವಿ, ಎಲ್ಲೂ ತಡವರಿಸದೆ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದುವ ಹುಡುಗಿ. ಶಾಲೆಗೆ ಯಾವ ಅಧಿಕಾರಿ ಬಂದರೂ ಅವಳಿಂದ ಒಂದು ಪುಟ ಓದಿಸಿ ಭೇಷ್ ಅನ್ನಿಸಿಕೊಂಡವನು ನಾನು.

ಒಂದು ಸೋಮವಾರ ಆನೆಗಳು ಟಾರು ರಸ್ತೆಯ ಕಡೆ ಇದ್ದವು. ಕೆರೆ ಏರಿಯ ಮೇಲೆ ಹೋಗಿ ಎಂದು ಬರೆದಿದ್ದೆ. ಮಂಗಳವಾರ ಅವು ಕೆರೆಗೆ ಇಳಿದವು. ಅಳಿಸಿ, ಅದೇ ಜಾಗದಲ್ಲಿ, ಅದೇ ದುಂಡು ಅಕ್ಷರದಲ್ಲಿ, ಟಾರು ರಸ್ತೆಯಲ್ಲೇ ಹೋಗಿ ಎಂದು ಬರೆದೆ. ಗಂಟೆ ಹೊಡೆಯಿತು, ಮಕ್ಕಳು ಹೊರಟುಹೋದರು. ಪುಸ್ತಕಗಳನ್ನು ಬೀರುವಿನಲ್ಲಿ ಜೋಡಿಸಲು ಉಳಿದಿದ್ದ ಮಾದೇವಿ ಕೊನೆಯಲ್ಲಿ ಒಬ್ಬಳೇ ಹೊರಟಳು. ಹಲಗೆಯ ಮುಂದೆ ನಿಂತಳು, ತಲೆಯೆತ್ತಿ ನೋಡಿದಳು, ತುಟಿ ಅಲುಗಿತು. ಹೇಳದೆ ಕೇಳದೆ ತಾನಾಗಿ ನಿಂತು ಓದುತ್ತಾಳಲ್ಲ ಎಂದು ನನಗೆ ಹೇಳಲಾಗದ ಖುಷಿ. ಅವಳು ಚೀಲ ಸರಿಮಾಡಿಕೊಂಡು ಕೆರೆಯ ಕಡೆ ತಿರುಗಿದಳು.

ನಾನು ಹೇಗೆ ಓಡಿದೆನೋ ತಿಳಿಯದು, ಚಪ್ಪಲಿ ಎಲ್ಲೋ ಕಳಚಿತ್ತು. ಕೆರೆಯಾಚೆ ಆನೆ ಓಡಿಸುವವರ ಪಟಾಕಿಯ ಸದ್ದು ಕೇಳುತ್ತಿತ್ತು. ಏರಿಯ ಮೊದಲ ಹೊಂಗೆಮರದ ಹತ್ತಿರ ಅವಳ ತೋಳು ಸಿಕ್ಕಿತು.

"ಬೋರ್ಡು ಓದ್ಲಿಲ್ವೇನಮ್ಮಾ?"

"ಓದ್ದೆ ಸಾರ್."

"ಏನೈತೆ ಅದ್ರಲ್ಲಿ?"

"ಕೆರೆ ಏರಿ ಮ್ಯಾಲೆ ಹೋಗಿ ಅಂತ."

ಅದು ಹಿಂದಿನ ದಿನ ಅವಳ ಕಿವಿಗೆ ಬಿದ್ದಿದ್ದ ಸಾಲು. ಅವಳನ್ನು ವರಾಂಡಕ್ಕೆ ಕರೆತಂದು ಅಂದಿನ ಪತ್ರಿಕೆಯನ್ನು ಕೈಗಿತ್ತೆ. ಬಹಳ ಹೊತ್ತು ನೋಡಿದಳು. ಒಂದೊಂದು ಅಕ್ಷರ ಗುರುತು ಸಿಗುತ್ತಿತ್ತು, ಕೂಡಿಸಲು ಬರುತ್ತಿರಲಿಲ್ಲ.

"ಯಾರಾನ ಒಂದ್ ಕಿತ ಓದಿದ್ರೆ ಹೇಳ್ಬುಡ್ತೀನಿ ಸಾರ್. ಪಾಠ ಎಲ್ಲಾ ಅಕ್ಕ ಹೋದ್ ವರ್ಸ ಮನೇಲಿ ಓದ್ತಿದ್ಲು, ಕೇಳ್ಕಂಡಿದ್ದೆ." ಆಮೇಲೆ ಅಳು ಬಂತು. "ಅವ್ವಂಗೆ ಹೇಳ್ಬೇಡಿ ಸಾರ್. ಓದಕ್ ಬರಲ್ಲ ಅಂತ ಗೊತ್ತಾದ್ರೆ ರೋಜಾ ತೋಟದ ಕೆಲಸಕ್ ಕಳಿಸ್ಬುಡ್ತಾಳೆ."

ಅವಳನ್ನು ಟಾರು ರಸ್ತೆಯಲ್ಲಿ ಮನೆ ಮುಟ್ಟಿಸಿ ಬಂದ ಮೇಲೆ ನನಗೆ ಅನ್ನ ಸೇರಲಿಲ್ಲ. ಒಮ್ಮೆ ಕೇಳಿದ್ದನ್ನು ಒಂದು ವರ್ಷ ಕಾಪಾಡಿಕೊಳ್ಳುವ ಹುಡುಗಿಯನ್ನು ದಡ್ಡಿ ಎನ್ನಲು ಯಾರಿಗೂ ಬಾಯಿ ಬಾರದು. ದಡ್ಡತನವಿದ್ದರೆ ಅದು ರಾಗಕ್ಕೆ ತಲೆದೂಗುತ್ತ ಕೂತ ಮೇಷ್ಟರದು. ಜೊತೆಯಲ್ಲಿ ಕೂಗುವಾಗ ಯಾರು ಓದುತ್ತಿದ್ದಾರೆ, ಯಾರು ಬರೀ ದನಿ ಕೂಡಿಸುತ್ತಿದ್ದಾರೆ ಎಂದು ಹೇಗೆ ತಿಳಿಯಬೇಕು? ಹೇಳಿಕೊಡಲು ಹತ್ತಿರ ಯಾರೂ ಇಲ್ಲದ ಗಳಿಗೆಗೆಂದೇ ಅಲ್ಲವೇ ನಾವು ಓದು ಕಲಿಸುವುದು? ಆ ಗಳಿಗೆಯಲ್ಲೇ ನಾನು ಅವಳ ಕೈ ಬಿಟ್ಟಿದ್ದೆ.

ಆನೆಯ ಸುದ್ದಿಯನ್ನು ಮರುದಿನದಿಂದ ಬಾಯಿಯಲ್ಲೇ ಹೇಳತೊಡಗಿದೆ, ಎರಡೆರಡು ಸಲ. ಊಟದ ಬಿಡುವಿನಲ್ಲಿ ಮಾದೇವಿಯನ್ನು ಕೂರಿಸಿಕೊಂಡು ಅವಳ ಮನೆಯ ಸಂಗತಿಗಳನ್ನು ಹೇಳಿಸಿ ಬರೆದೆ. ಬರೆದದ್ದನ್ನು ಹಾಗೆಯೇ ಕೊಟ್ಟರೆ ನೆನಪಿನಿಂದ ಒಪ್ಪಿಸಿಬಿಡುತ್ತಾಳೆಂದು ಅವೇ ಪದಗಳನ್ನು ಕಲೆಸಿ ಬೇರೆ ಸಾಲು ಮಾಡಿಕೊಟ್ಟೆ. ಆಡು ಅಜ್ಜಿಯ ಸೀರೆ ಉಟ್ಟು ಹೊಸೂರಿನ ಬಸ್ಸು ಹತ್ತಿತು ಎಂಬ ಸಾಲನ್ನು ಬೆರಳಿಟ್ಟು ಕೂಡಿಸಿ ಮುಗಿಸಿದವಳು ಪಕ್ಕನೆ ನಕ್ಕಳು. ಅರ್ಥವಾಗಿ ನಕ್ಕ ಆ ನಗುವನ್ನು ನಾನು ವರ್ಷವೆಲ್ಲ ಅವಳ ಓದಿನಲ್ಲಿ ಕೇಳಿರಲಿಲ್ಲ. ಆದರೂ ನನ್ನ ಆತಂಕ ಹೋಗಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡೇ ವರ್ಷ. ಮೊನ್ನೆ ಅವಳ ತಾಯಿ ಬಸ್‌ಸ್ಟಾಪಿನಲ್ಲಿ ಸಿಕ್ಕಿ, "ನಮ್ ಹುಡ್ಗಿ ಚೆಂದಾಗಿ ಓದ್ತಾಳಂತಲ್ಲ ಸಾರ್" ಎಂದಾಗ, "ಓದ್ತಾಳಮ್ಮ, ಬಿಡಿಸ್ಬೇಡಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ತರಗತಿಯ ರಾಗವನ್ನೂ ನಿಲ್ಲಿಸಿದ್ದೇನೆ. ಹೋದ ವಾರ ಯಾರೂ ಕೇಳಿರದ ಒಂದು ಪುಟವನ್ನು ಎಲ್ಲರಿಗೂ ಹಂಚಿ, ಮನಸ್ಸಿನಲ್ಲೇ ಓದಿಕೊಳ್ಳಿ, ತಿಳಿಯದಿದ್ದರೆ ಕೇಳಿ ಎಂದೆ. ಮೂವತ್ತೊಂಬತ್ತು ಮಕ್ಕಳ ಆ ಮೌನ ನನಗೆ ಅಭ್ಯಾಸವಿಲ್ಲ, ಭಯವಾಯಿತು. ಎರಡನೆಯ ಬೆಂಚಿನಲ್ಲಿ ಮಾದೇವಿಯ ಬೆರಳು ಒಂದು ಕಡೆ ನಿಂತಿತು. ಅವಳು ಸುತ್ತ ನೋಡಿದಳು, ನನ್ನನ್ನು ನೋಡಿದಳು, ಎದ್ದು ನಿಂತಳು.

"ಸಾರ್, ಈ ಪದ ನಂಗೆ ಓದಕ್ ಬರಲ್ಲ."

ಯಾರಾದರೂ ಕಿಸಕ್ಕೆಂದರೆ ಈ ಹುಡುಗಿ ಇನ್ನು ಬಾಯಿ ಬಿಡಳು ಎಂದು ನಾನು ಬೆಂಚುಗಳ ಮೇಲೆಲ್ಲ ಕಣ್ಣಾಡಿಸಿದೆ. ಯಾರೂ ನಗಲಿಲ್ಲ. ಕೊನೆಯ ಬೆಂಚಿನಿಂದ ಒಂದು ಕೈ ಮೆಲ್ಲಗೆ ಮೇಲೆದ್ದಿತು, ಆಮೇಲೆ ಕಿಟಕಿಯ ಪಕ್ಕದಿಂದ ಇನ್ನೊಂದು. ಹನ್ನೊಂದರವರೆಗೆ ಎಣಿಸಿದೆ, ಕೈಗಳು ಇನ್ನೂ ಏಳುತ್ತಲೇ ಇದ್ದವು.