ಖಾಲಿ ಮಾಡಿ ಕೊಟ್ಟ ಊರು

ನನ್ನ ವಾರದ ರಜೆ ಭಾನುವಾರಕ್ಕೆ ಬಿದ್ದ ಒಂದೂವರೆ ವರ್ಷ ನಾನೊಂದು ಸಾಮ್ರಾಜ್ಯ ಆಳಿದೆ. ಮಾಧವರಂನ ಬಾಡಿಗೆ ಕೋಣೆಯಿಂದ ಎರಡು ಬಸ್ಸು ಬದಲಿಸಿ ಬೆಸೆಂಟ್ ನಗರದ ಅಕ್ಕನ ಮನೆ ಸೇರುವ ಹೊತ್ತಿಗೆ ಭಾವ ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದು ಕಾಯುತ್ತಿದ್ದರು. ಎರಡು ಸಾವಿರನೇ ಇಸವಿ ಆಗಷ್ಟೇ ಕಳೆದಿತ್ತು. ಆ ಒಂದೇ ಕಂಪ್ಯೂಟರಿನಲ್ಲಿ ಆಡುವವರು ಮೂವರು: ಭಾವ, ನಾನು, ಆರನೇ ಕ್ಲಾಸಿನಲ್ಲಿದ್ದ ಅಕ್ಕನ ಮಗಳು.

ಆಟದಲ್ಲಿ ಊರು ಕಟ್ಟಬೇಕು, ರಸ್ತೆ ಹಾಕಬೇಕು, ಹಡಗು ಕಳಿಸಬೇಕು, ನೆರೆಯವರನ್ನು ಗೆಲ್ಲಬೇಕು. ಎಲ್ಲವೂ ಸರದಿಯ ಮೇಲೆ. ಒಬ್ಬರು ಆಡುವಾಗ ಉಳಿದಿಬ್ಬರು ಪರದೆ ನೋಡದಂತೆ ಬಾಲ್ಕನಿಗೆ ಹೋಗಬೇಕೆಂಬ ನಿಯಮ ಅವಳದು. ರಾಜಧಾನಿ ಕಳೆದುಕೊಂಡವರು ಆಟದಿಂದ ಹೊರಗೆ ಎಂಬುದು ಭಾವನದು. ಬಾಲ್ಕನಿಯ ನಿಯಮದಿಂದ ಹುಟ್ಟಿದ ಪರಿಣಾಮವನ್ನು ನಾನು ಮೂರನೇ ವಾರಕ್ಕೆ ಗುರುತಿಸಿದೆ. ಹೊರಗೆ ನಿಂತ ಇಬ್ಬರ ಮಾತೆಲ್ಲ ಒಳಗೆ ಕೂತವರ ವಿರುದ್ಧವೇ ಇರುತ್ತಿತ್ತು. ನಮ್ಮ ಒಪ್ಪಂದಗಳೆಲ್ಲ ಅಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಬಾಯಿಮಾತಿನಲ್ಲಿ ಆಗುತ್ತಿದ್ದವು. ಯಂತ್ರಕ್ಕೆ ಅವುಗಳ ಸುಳಿವೂ ಇರಲಿಲ್ಲ. ನಾನು ಮಾತ್ರ ಪ್ರತಿಯೊಂದನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ.

ಅವಳೊಂದಿಗೆ ನನಗೆ ಶಾಂತಿಯಿತ್ತು. ಭಾವನ ಮೇಲೆ ಯುದ್ಧಕ್ಕೆಂದು ಹಡಗುಗಳಲ್ಲಿ ಸೇನೆ ತುಂಬಿಸಿ, ಒಂದು ಬಂದರನ್ನು ಗೆದ್ದು ಎದ್ದು ಬಂದೆ.

"ಭಾವ, ನಿಮ್ಮದೊಂದು ಊರು ಹೋಯ್ತು."

ಅವಳು ತನ್ನ ಸರದಿಗೆ ಒಳಗೆ ಹೋದಳು. ತುಸು ಹೊತ್ತಿಗೆ ಬಾಗಿಲಲ್ಲಿ ಬಂದು ನಿಂತಳು.

"ಅದು ಎನ್ನೋಡ ಊರು, ಮಾಮಾ." ಅಲ್ಲೇ ಬೆಳೆದ ಅವಳ ಮಾತಿಗೆ ತಮಿಳು ಬೆರೆಯುತ್ತಿತ್ತು, ಊರು ತನ್ನದು ಎನ್ನುತ್ತಿದ್ದಳು.

ಭಾವನ ಬಣ್ಣ ಹಸಿರು, ಅವಳದು ಹಸಿರು ಬೆರೆತ ನೀಲಿ. ಹಳೆಯ ಮಾನಿಟರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಊರಿನ ಮೇಲೆ ಒಮ್ಮೆ ಒತ್ತಿದ್ದರೆ ಒಡೆಯರು ಯಾರೆಂದು ತಿಳಿಯುತ್ತಿತ್ತು. ನಾನು ಒತ್ತಿರಲಿಲ್ಲ.

ಭಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಏನಯ್ಯಾ, ಪೇಪರಿನೋರು ನ್ಯೂಸ್ ಹಾಕೋದೂ ಹಿಂಗೇನಾ? ಹೋಗ್ಲಿ, ಹಿಂದಿನ ಸೇವ್ ತೆಗೆದು ಮತ್ತೆ ಆಡು. ಇಲ್ಲಾಂದ್ರೆ ಇಟ್ಕೋ. ಯುದ್ಧದಲ್ಲಿ ಎಲ್ಲಾ ನಡೆಯುತ್ತೆ."

ಅವಳು ಮರಳಿ ಒಳಗೆ ಹೋಗಿ ತನ್ನ ಸರದಿ ಮುಗಿಸಿದಳು.

ನಾನು ಪತ್ರಿಕೆಯೊಂದರ ಡೆಸ್ಕಿನವನು. ವರದಿಗಾರರ ಪ್ರತಿ ತಿದ್ದುವುದು, ತಲೆಬರಹ ಕೊಡುವುದು ನನ್ನ ಕೆಲಸ. ಅಚ್ಚಾಗಿ ಹೋದ ಪತ್ರಿಕೆಯನ್ನು ಹಿಂದಕ್ಕೆ ಕರೆಸಲಾಗುವುದಿಲ್ಲ. ತಪ್ಪಾದರೆ ಮರುದಿನ, ಅದೇ ಪುಟದಲ್ಲಿ, ತಿದ್ದುಪಡಿ ಹಾಕುತ್ತೇವೆ. ಸೇವ್, ಅಂದರೆ ಉಳಿಸಿಟ್ಟ ಹಳೆಯ ಆಟ, ತೆರೆದು ಮತ್ತೆ ಆಡುವುದೆಂದರೆ ತಪ್ಪು ನಡೆದೇ ಇಲ್ಲ ಎಂದಂತೆ. ನನ್ನ ಸರದಿ ಬಂದಾಗ ಸೇನೆಯನ್ನೆಲ್ಲ ಊರಿನಿಂದ ಹೊರಡಿಸಿ ಹಡಗು ಹತ್ತಿಸಿದೆ. ಕಾವಲಿಗೆ ಒಬ್ಬನನ್ನೂ ಬಿಡಲಿಲ್ಲ. ಆಮೇಲೆ ಬಾಲ್ಕನಿಗೆ ಹೋಗಿ ನೋಟ್‌ಬುಕ್ಕಿನಿಂದ ಓದಿದೆ: "ತಿದ್ದುಪಡಿ. ಕಳೆದ ಸರದಿಯಲ್ಲಿ ವಶಪಡಿಸಿಕೊಂಡ ಬಂದರು ಭಾವನದಲ್ಲ. ಪರಿಶೀಲಿಸದೆ ದಾಳಿ ಮಾಡಿದ್ದಕ್ಕೆ ವಿಷಾದವಿದೆ. ಊರನ್ನು ಖಾಲಿ ಮಾಡಲಾಗಿದೆ."

"ಸರಿ" ಎಂದು ಅವಳು ಒಳಗೆ ಹೋದಳು. ಅವಳ ಕುದುರೆ ಸವಾರ ತೆರೆದ ಊರಿನೊಳಗೆ ನಡೆದುಹೋದ.

ಭಾವ ಇದಕ್ಕೇ ಕಾದಿದ್ದರು. ನನ್ನ ಸೇನೆ ಸಮುದ್ರದ ಮೇಲಿತ್ತು, ಮನೆ ಸೇರಲು ನಾಲ್ಕು ಸರದಿ ಬೇಕಿತ್ತು. ಅವರ ಫಿರಂಗಿಗಳು ನನ್ನ ರಾಜಧಾನಿಯ ಪಕ್ಕದ ದಡಕ್ಕಿಳಿದವು. ಒಳಗೆ ಬಂದೂಕುದಾರರ ಎರಡು ತುಕಡಿ ಮಾತ್ರ ಇದ್ದವು. ಏಳು ತಿಂಗಳ ಭಾನುವಾರಗಳು ಆ ಒಂದು ಊರಿನ ಮೇಲೆ ನಿಂತಿದ್ದವು. ನೆರವಿಗೆ ಬರಬಹುದಾದ್ದು ಅವಳ ಯುದ್ಧನೌಕೆಗಳು ಮಾತ್ರ, ಅವೂ ಎರಡು ಸರದಿ ದೂರದಲ್ಲಿದ್ದವು. ನಮ್ಮ ಒಪ್ಪಂದ ಪರಸ್ಪರ ದಾಳಿ ಮಾಡಬಾರದೆಂದಷ್ಟೇ ಹೇಳುತ್ತಿತ್ತು. ನೆರವಿನ ಮಾತು ಅದರಲ್ಲಿರಲಿಲ್ಲ.

ನಾನು ಆಡಲು ಕೂತೆ. ಹೊರಗಿನ ಗಣಿ, ಹೊಲಗಳ ಆಸೆ ಬಿಟ್ಟು ಎರಡೂ ತುಕಡಿಗಳನ್ನು ಕೋಟೆಯೊಳಗೇ ಇರಿಸಿಕೊಂಡೆ. ಅಷ್ಟರಲ್ಲಿ ಬಾಲ್ಕನಿಯಿಂದ ಭಾವನ ದನಿ ಕೇಳಿಸಿತು.

"ದಕ್ಷಿಣದ ದ್ವೀಪ ಪೂರ್ತಿ ನಿಂಗೇ, ಪುಟ್ಟಾ. ಹಡಗು ಅಲ್ಲಾಡಿಸ್ಬೇಡ, ಅಷ್ಟೇ ನಾನು ಕೇಳೋದು."

"ಮುಡಿಯಾದುಪ್ಪಾ." ಆಗಲ್ಲ ಎಂದಳು ಅವಳು.

"ಯಾಕೇ?"

"ಮಾಮಾ ತಪ್ಪುನ್ನು ಸೊಲ್ಲಿ ಊರ ತಿರುಪ್ಪಿ ಕುಡುತ್ತಾರು. ನೀ ಎಪ್ಪವಾವದು ಕುಡುತ್ತಿರುಕ್ಕಿಯಾ?"

ಮಾಮ ತಪ್ಪೊಪ್ಪಿಕೊಂಡು ಊರು ಹಿಂದಿರುಗಿಸಿದರು, ನೀನು ಎಂದಾದರೂ ಕೊಟ್ಟಿದ್ದೀಯಾ ಎಂದು ಕೇಳುತ್ತಿದ್ದಳು. ಪ್ರಶ್ನೆಗೆ ಹಿನ್ನೆಲೆಯಿತ್ತು. ಮೊದಲ ತಿಂಗಳಲ್ಲೇ, ಮಾತು ಕೊಟ್ಟ ಮರುಸರದಿಗೆ, ಭಾವ ಅವಳದೊಂದು ಊರು ಕಸಿದಿದ್ದರು.

"ಇದು ಆಟ ಕಣೇ!"

"ಆಟಂದಾನ್. ಅದುಕ್ಕೆನ್ನ?" ಆಟವೇ, ಅದಕ್ಕೇನೀಗ ಎಂದಳು.

ಅಡುಗೆಮನೆಯಿಂದ ಅಕ್ಕ ಕೂಗಿದಳು: "ರಾಜ್ಯ ಆಮೇಲೆ ಹಂಚ್ಕೊಳ್ಳಿ. ಹುಳಿ ಆರ್ತಾ ಇದೆ."

ಊಟ ಮುಗಿದ ಮೇಲೆ ಫಿರಂಗಿಗಳು ಒಂದು ತುಕಡಿಯನ್ನು ಮುಗಿಸಿದವು. ಮುಂದಿನ ಸುತ್ತಿಗೆ ಎರಡನೆಯದು ಅರ್ಧಕ್ಕಿಂತ ಕಡಿಮೆ ಜೀವ ಹಿಡಿದು ನಿಂತಿತ್ತು. ಇನ್ನೊಂದು ಏಟು ಬಿದ್ದರೆ ಮುಗಿಯಿತು. ನಾನು ನನ್ನ ಸರದಿ ಆಡಿ ಎದ್ದೆ. ಅವಳು ಹೋಗಿ ಕೂತಳು. ಬಾಲ್ಕನಿಯಲ್ಲಿ ಭಾವನೂ ನಾನೂ ಕಿವಿಗೊಟ್ಟು ನಿಂತೆವು. ಒಳಗಿನ ಸ್ಪೀಕರಿನಿಂದ ಗುಂಡಿನ ಸದ್ದು ಬಂತು, ಆಮೇಲೆ ಮತ್ತೊಂದು. ಭಾವ ಎಣಿಸುತ್ತಿದ್ದರು. ನಾಲ್ಕನೆಯದಕ್ಕೆ, "ನನ್ನ ಫಿರಂಗಿಯೆಲ್ಲಾ ಹೋಯ್ತು ಕಣಯ್ಯಾ" ಎಂದರು.

ಅವಳ ಯುದ್ಧನೌಕೆಗಳು ತಲುಪಿದ್ದವು, ರಾಜಧಾನಿ ಉಳಿಯಿತು. ಆಟವನ್ನು ಎರಡು ತಿಂಗಳ ನಂತರ ಗೆದ್ದವಳು ಅವಳು. ನಾನು ಎರಡನೆಯವನು.

ಡೆಸ್ಕಿನವರ ಹೆಸರು ಪತ್ರಿಕೆಯಲ್ಲಿ ಬರುವುದಿಲ್ಲ. ನಾವು ತಡೆದ ತಪ್ಪುಗಳು ಯಾರಿಗೂ ಕಾಣುವುದಿಲ್ಲ, ಹಾಕಿದ ತಿದ್ದುಪಡಿಗಳನ್ನು ಓದುವವರೂ ಕಡಿಮೆ. ನನ್ನ ವೃತ್ತಿಯಲ್ಲಿ ಒಂದು ತಿದ್ದುಪಡಿಯನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡರೆಂದು ನನಗೆ ಖಚಿತವಾಗಿ ಗೊತ್ತಿರುವುದು ಅದೊಂದೇ ಸಲ. ಅದರ ಬಗ್ಗೆ ನನಗೆ ಹೆಮ್ಮೆಯಿದೆ, ಅವಳ ಬಗ್ಗೆ ಅದಕ್ಕಿಂತ ಹೆಚ್ಚು.

ನೋಟ್‌ಬುಕ್ ಈಗಲೂ ಇದೆ. ಫಿರಂಗಿ ಹೋದ ದಿನದ ಪುಟದ ಕೊನೆಗೆ ನನ್ನದಲ್ಲದ ಕೈಬರಹದಲ್ಲಿ ಒಂದು ಸಾಲಿದೆ. ಭಾವ ನನ್ನ ಪೆನ್ನು ಕಿತ್ತುಕೊಂಡು ಬರೆದದ್ದು: "ಮೊದಲ ತಿಂಗಳು ಮಗಳಿಂದ ತಗೊಂಡ ಊರು ಇವತ್ತು ಖಾಲಿ ಮಾಡಿದ್ದೇನೆ."