ಹೆಂಡತಿಯ ಹೆಸರಿಗೆ ಹಚ್ಚಿದ ಬೇನೆ

ಆ ದಿನ ನಾನು ನಲ್ಲಿ ನೀರು ಹಿಡಿದೆ. ಹಾಲು ತಂದೆ. ಅಂಗಡಿಯ ಮುಂದೆ ಕಸ ಹೊಡೆದೆ. ನನ್ನ ಬನಿಯನ್ ನಾನೇ ಒಗೆದುಕೊಂಡೆ.

ಕೊನೆಯ ಕೆಲಸ ನಾನು ಎಂದೂ ಮಾಡಿದವನಲ್ಲ. ಎಡ ಎದೆಯ ತೊಟ್ಟಿನಿಂದ ರಕ್ತ ಜಿನುಗಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟವನ ಬಟ್ಟೆ ಕೆಂಪಾದರೆ ಯಾರು ಕಾರಣ ಕೇಳುತ್ತಾರೆ? ತೊಟ್ಟಿನ ಹಿಂದೆ ಶೇಂಗಾ ಬೀಜದಷ್ಟು ಗಂಟು. ಚೀಲ ತಗುಲಿರಬೇಕು ಎಂದುಕೊಂಡೆ. ಸುಗ್ಗಿ ಮುಗಿಯುವವರೆಗೂ ಹಾಗೇ ಎಂದುಕೊಳ್ಳುತ್ತ ದಿನ ದೂಡಿದೆ.

ಹೆಂಡತಿ ಶಾಂತಾ ಬೆನ್ನು ತಿಕ್ಕಲು ಬಂದರೆ ನಾನು ಬನಿಯನ್ ತೊಟ್ಟೇ ಸ್ನಾನಕ್ಕೆ ಕೂತಿರುತ್ತಿದ್ದೆ. ಒಂದು ದಿನ ಅವಳೇ ಅದನ್ನು ಎತ್ತಿ ನೋಡಿದಳು. ಮರುದಿನ ರಾಣೆಬೆನ್ನೂರಿನ ಡಾಕ್ಟರ ಮುಂದೆ ಕೂರಿಸಿದಳು.

ಬಯಾಪ್ಸಿ ರಿಪೋರ್ಟ್ ಬಂತು. ಬ್ರೆಸ್ಟ್ ಕ್ಯಾನ್ಸರ್.

"ಇದು ಹೆಂಗಸ್ರ ಬ್ಯಾನಿ ಅಲ್ಲೇನ್ರಿ?" ಎಂದೆ.

ಗಂಡಸರಿಗೂ ಸ್ತನದ ಟಿಶ್ಯೂ ಇರುತ್ತದೆ, ರೋಗ ಅಪರೂಪ ಅಷ್ಟೇ ಎಂದರು ಡಾಕ್ಟರ್. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸಾವಿಗಿಂತ ಮೊದಲು ನೆನಪಾದದ್ದು ಮಾರ್ಕೆಟ್ಟಿನವರ ನಗು.

ಅಣ್ಣ ಫೋನ್ ಮಾಡಿ ಆಸ್ಪತ್ರೆಗೆ ಹೋದದ್ದೇಕೆ ಎಂದು ಕೇಳಿದ. "ಶಾಂತಾಗ ಎದ್ಯಾಗ ಗಂಟ ಆಗೇತಿ" ಎಂದುಬಿಟ್ಟೆ.

ಅವಳು ಪಕ್ಕದಲ್ಲೇ ನಿಂತಿದ್ದಳು.

ಫೋನ್ ಇಟ್ಟ ಮೇಲೆ ಅವಳ ಮುಖ ನೋಡಲಾಗಲಿಲ್ಲ. "ಹೆಂಗಸ್ರಿಗೆ ಆದ್ರ ಮಂದಿ ಅಳ್ತಾರ, ನಗಂಗಿಲ್ಲ. ಇರ್ಲಿ ಬಿಡ್ರಿ" ಎಂದಳು. ಹೆಂಗಸರಿಗೆ ತಾಳಿಕೆ ಹುಟ್ಟಿನಿಂದಲೇ ಇರುತ್ತದೆ ಎಂದು ನಾನೂ ಒಪ್ಪಿಕೊಂಡೆ. ಹಾಗೆ ನಂಬುವುದರಲ್ಲಿ ನನಗೆಷ್ಟು ಅನುಕೂಲವಿತ್ತು ಎಂಬುದು ಈಗ ತಿಳಿಯುತ್ತದೆ.

ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಮನೆಗೆ ಬಂದಾಗ ಊರಿಗೆಲ್ಲ ಅವಳೇ ಪೇಷಂಟ್. ಆಪರೇಷನ್ ಆದ ಕಡೆಯ ನನ್ನ ತೋಳಿನ ನೋವಿಗೆ ಬಸ್ಸಿನಲ್ಲಿ ಬಿದ್ದ ನೆಪ. ಪಕ್ಕದ ಮನೆಯ ಗಂಗಕ್ಕ ಗಂಜಿ ತಂದಾಗ ಶಾಂತಾ ತುಂಬಿದ ಕೊಡ ಹೊತ್ತು ಒಳಗೆ ಬರುತ್ತಿದ್ದಳು.

"ಕ್ಯಾನ್ಸರ್ ಆದಾಕಿ ನೀರ ಹೊರಾಕತ್ತಾಳ, ನೀ ಲೋಡಿಗೆ ಆತ್ಕೊಂಡು ಕುಂತೀದಿ. ಗಂಡಸ್ರ ಎದಿ ಕಲ್ಲ ಬಿಡಪಾ."

ಹೇಳುತ್ತಲೇ ಗಂಗಕ್ಕನ ಕಣ್ಣು ಶಾಂತಾಳ ಸೆರಗಿನ ಮೇಲೆ ಓಡಾಡಿತು. ಯಾವ ಕಡೆಯ ಎದೆ ತೆಗೆದಿದ್ದಾರೆ ಎಂದು ಹುಡುಕುತ್ತಿತ್ತು. ಶಾಂತಾ ಕೊಡ ಇಳಿಸಿ ಸೆರಗು ಬಿಗಿದು ಸುತ್ತಿಕೊಂಡಳು.

ಅದನ್ನು ನೋಡುತ್ತ ಕೂರಲಾಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿದೆ. ಬ್ಯಾಂಡೇಜ್ ಕಂಡಿತು.

"ಬ್ಯಾನಿ ನಂದೈತ್ರಿ, ಅಕ್ಕಾರ."

ಗಂಗಕ್ಕ ಶಾಂತಾಳ ಸೆರಗಿನಿಂದ ಕಣ್ಣು ತೆಗೆದಳು. ಆಮೇಲೆ ಗಂಜಿಯ ಬಟ್ಟಲನ್ನು ನನ್ನತ್ತ ಸರಿಸಿದಳು. "ಹಂಗಾರ ನೀನ ಉಣ್ಣು."

ಗಾಯ ಈಗ ಒಣಗುತ್ತಿದೆ. ಚೆಕಪ್ಪಿಗೆ ಹೋಗುತ್ತಿರಬೇಕು. ತೆಳು ಅಂಗಿ ತೊಟ್ಟರೆ ಕೈ ಈಗಲೂ ಎದೆಗೆ ಹೋಗುತ್ತದೆ.

ಗಂಗಕ್ಕ ಬಂದುಹೋದ ಆ ರಾತ್ರಿ ಗಂಜಿ ನಾನು ಉಂಡೆ. ಶಾಂತಾ ರೊಟ್ಟಿ, ಶೇಂಗಾ ಚಟ್ನಿ ತಿಂದಳು. ಅವಳೇ ಮೊದಲು ನಿದ್ದೆ ಹೋದಳು, ಸೆರಗು ಸಡಿಲ ಬಿಟ್ಟು.