ಗೌರಕ್ಕ ಹೊತ್ತ ನನ್ನ ಮುಟ್ಟು

ಗೌರಕ್ಕ, ಆ ಕಲೆ ನಿನ್ನದಲ್ಲ, ನನ್ನದು. ಸುಳ್ಳು ಹೇಳಿ ನಿಮ್ಮ ಹಟ್ಟಿಯ ಬೇಲಿ ದಾಟಿದವಳು ನಾನು — ಬೆಲೆ ತೆತ್ತವಳು ನೀನು.

ಎಪ್ಪತ್ತರ ದಶಕದ ಕೊನೆಯ ಒಂದು ದಸರಾ ರಜೆ. ಎಂ.ಎ. ಓದುತ್ತಿದ್ದ ನಾನು ಗೆಳತಿಯನ್ನು ಕಾಣಲು ಪಾವಗಡಕ್ಕೆ ಹೊರಟಿದ್ದೆ. ಮಧುಗಿರಿ ದಾಟಿದ ಮೇಲೆ ಬಸ್ಸಿನ ಅಚ್ಚು ಮುರಿಯಿತು. ಮುಂದಿನ ಬಸ್ಸು ಮರುದಿನ ಬೆಳಿಗ್ಗೆ. ಪಕ್ಕದಲ್ಲಿ ಕುಳಿತಿದ್ದ ನೀನು, ನನ್ನ ಹೆಸರನ್ನೂ ಕೇಳದೆ, ನನ್ನ ಚೀಲ ಎತ್ತಿಕೊಂಡೆ.

“ಇಲ್ಲೇ ಕುಂತು ನೊಣ ಹೊಡೀತೀಯಾ? ಬಾ, ನಮ್ಮಟ್ಟಿ ಇಲ್ಲೇ ಐತೆ.”

ಮುಳ್ಳುಬೇಲಿಯ ಬಳಿ ನನ್ನ ಚಪ್ಪಲಿ ಬಿಡಿಸಿ, ನೀನು ದನಿ ತಗ್ಗಿಸಿ ಕೇಳಿದೆ: “ಹೊರಗಾಗಿಲ್ಲ ತಾನೆ ಕಣಮ್ಮ? ಆಗಿದ್ರೆ ಹೇಳ್ಬುಡು, ನಾನೂ ನಿನ್ ಜೊತೆ ಆಚೇಲೇ ಮಲೀಕಂತೀನಿ.”

“ಇಲ್ಲ” ಎಂದೆ ನಾನು. ಮೌಢ್ಯಕ್ಕೆ ಮಣಿಯಬಾರದೆಂಬ ತತ್ವಕ್ಕಾಗಿ ಹಾಗೆಂದೆನೆಂದು ವರ್ಷಗಟ್ಟಲೆ ನಂಬಿಕೊಂಡೆ. ಅಲ್ಲ — ಮುಟ್ಟಾದವರಿಗೆಂದು ಬೇಲಿಯಾಚೆ ಕಟ್ಟಿದ್ದ ಬಾಗಿಲಿಲ್ಲದ ಗುಡಿಸಲನ್ನು ಕಂಡು ಅಂಜಿದ್ದೆ.

ಕೈಕೊಟ್ಟ ಪ್ರಯಾಣವೇ ಹಬ್ಬವಾಯಿತು. ನಾನು ಕುರಿಮರಿಗೆ ಹಾಲು ಕುಡಿಸಿದೆ. ಮುದ್ದೆ ಅಗಿಯಲು ಹೊರಟ ನನ್ನನ್ನು ಕಂಡು ನಿನ್ನ ಅತ್ತೆ, “ಅಷ್ಟು ಓದವ್ಳೆ, ನುಂಗಕ್ಕೇ ಬರಾಕಿಲ್ವಲ್ಲೇ” ಎಂದು ನಕ್ಕರು. ದೇವರ ಮಡಕೆಯಲ್ಲಿ ಮೀಸಲು ಬೆಣ್ಣೆ ಕಡೆಯುವ ಕೆಲಸ ಹಟ್ಟಿಯಲ್ಲಿ ನಿನ್ನೊಬ್ಬಳದೇ ಎಂದು ನೀನು ಹೆಮ್ಮೆಯಿಂದ ಹೇಳಿಕೊಂಡೆ. ನಾವಿಬ್ಬರೂ ಒಂದೇ ಕಂಬಳಿಯ ಮೇಲೆ ಮಲಗಿದೆವು.

ಬೆಳಿಗ್ಗೆ ಅತ್ತೆ ಆ ಕಂಬಳಿ ಕೊಡವಲು ಎತ್ತಿದರು. “ಯಾರ್ದಿದು?”

ನೀನು ನನ್ನತ್ತ ಒಮ್ಮೆ ನೋಡಿದೆ. ನಾನು ಚೀಲದ ದಾರ ಬಿಗಿಯುತ್ತಿದ್ದೆ — ಬಿಗಿಯುತ್ತಲೇ ಇದ್ದೆ.

“ನಂದು ಕಣತ್ತೆ. ಗೊತ್ತಾಗ್ನಿಲ್ಲ.”

“ಮೀಸಲು ಕಡೆಯೋಳ್ಗೆ ಗೊತ್ತಾಗ್ನಿಲ್ವಾ? ಇನ್ನು ಆ ಮಡಕೆ ಮುಟ್ಬ್ಯಾಡ.”

ನೀನು ಬೇಲಿಯಾಚೆ ನಡೆದೆ. ನಾನು ಬಸ್ಸು ಹಿಡಿದೆ.

ಆಮೇಲೆ ನಾನು ಲೇಖನ ಬರೆದೆ — ಸಂಪ್ರದಾಯದ ಕ್ರೌರ್ಯವನ್ನು ಕುರಿತು, ಹಟ್ಟಿಯ ಹಿರಿಯರು ಉತ್ತರ ಕೊಡಲೇಬೇಕೆಂದು ಒತ್ತಾಯಿಸಿ. ನಿನ್ನನ್ನು ‘ಒಬ್ಬ ಅಮಾಯಕ ಹೆಣ್ಣು’ ಎಂದು ಕರೆದೆ. ಮೆಚ್ಚುಗೆ ಬಂತು. ಆ ಲೇಖನದಲ್ಲಿ ನಾನೆಲ್ಲೂ ಇರಲಿಲ್ಲ. ಆ ಪದ್ಧತಿ ತಪ್ಪೆಂದು ಇಂದೂ ಹೇಳುತ್ತೇನೆ. ಆದರೆ ಅಂದು ನಿನ್ನ ಕೈಯಿಂದ ಮಡಕೆ ಕಿತ್ತುಕೊಂಡದ್ದು ಪದ್ಧತಿಯೊಂದೇ ಅಲ್ಲ — ನಾನು ಬಾಯಿ ಬಿಟ್ಟಿದ್ದರೆ…

ಇದನ್ನು ಪತ್ರಿಕೆಗೆ ಕೊಟ್ಟು ಸುಮ್ಮನಾಗುವುದು ಸುಲಭ; ನಿಮ್ಮ ಹಟ್ಟಿಗೆ ಪತ್ರಿಕೆ ಬರುವುದಿಲ್ಲ. ಆದ್ದರಿಂದ ನಾನೇ ಬರುತ್ತಿದ್ದೇನೆ. ಬೇಲಿಯ ಹೊರಗೆ ನಿಂತು, ನಿನ್ನ ಅತ್ತೆ ಇನ್ನೂ ಇದ್ದರೆ ಅವರನ್ನು ಕರೆದು, ಆ ಕಲೆ ನನ್ನದೆಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ನೀನು ಎದ್ದು ಬಂದು ನನ್ನ ಮುಖ ನೋಡಬೇಕೆಂದೇನೂ ಇಲ್ಲ.